ಮೀನಿನ ತಲೆಯೊಳಗಿನ ಎರಡು ಕಲ್ಲು

ಹೋದ ವರ್ಷ ಅಮ್ಮನಿಗೆ ಇದ್ದಕ್ಕಿದ್ದಂತೆ ತಲೆಸುತ್ತು ಶುರುವಾಯಿತು. ಎಡಕ್ಕೆ ಮಗ್ಗುಲಾದರೆ ಸಾಕು, ಇಡೀ ಮನೆ ಗಿರ್ರನೆ ತಿರುಗುತ್ತದೆ ಅಂತಿದ್ದರು. ಬಿಪಿ ನೋಡಿದ್ದಾಯಿತು, ಶುಗರ್ ನೋಡಿದ್ದಾಯಿತು. ಕೊನೆಗೆ ಕಿವಿಯ ಡಾಕ್ಟರು ಅಮ್ಮನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಸರಕ್ಕನೆ ಮಲಗಿಸಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಪಕ್ಕಕ್ಕೆ ತಿರುಗಿಸಿ, ಮೆಲ್ಲಗೆ ಎಬ್ಬಿಸಿದರು. "ಕಿವಿಯೊಳಗಿನ ಕಲ್ಲು ಜಾಗ ತಪ್ಪಿತ್ತು ಅಮ್ಮ, ಅದರ ಜಾಗಕ್ಕೆ ವಾಪಸ್ ಕಳಿಸಿದೀವಿ" ಅಂದರು.

ಅಮ್ಮ ಕುಂದಾಪುರದ ಕಡೆಯವರು. ಮೀನು ತಿಂದೇ ಬೆಳೆದವರು. ಆಟೋದಲ್ಲಿ ವಾಪಸ್ ಬರುವಾಗ ಅವರಿಗೆ ಅದೇ ಯೋಚನೆ. "ಕಲ್ಲು ಇರೋದು ಮೀನಿನ ತಲೆಯಲ್ಲಿ ಅಲ್ವಾ? ನನ್ನ ಕಿವಿಗೆ ಹೇಗೆ ಬಂತು?"

ಅಮ್ಮನ ಪ್ರಶ್ನೆಯಲ್ಲಿ ದೊಡ್ಡ ವಿಷಯವಿತ್ತು. ಎರಡೂ ಕಡೆ ಇರುವುದು ಒಂದೇ ಬಗೆಯ ಕಲ್ಲು. ನಮ್ಮ ಒಳಗಿವಿಯಲ್ಲಿ ಧೂಳಿನಷ್ಟು ಸಣ್ಣ ಸುಣ್ಣದ ಹರಳುಗಳಿವೆ. ತಲೆ ಯಾವ ಕಡೆ ವಾಲಿದೆ ಅಂತ ಮೆದುಳಿಗೆ ತಿಳಿಸುವುದು ಅವೇ. ಅವು ಕಳಚಿಕೊಂಡು ಪಕ್ಕದ ಅರ್ಧವೃತ್ತದ ನಾಳಕ್ಕೆ ಜಾರಿದರೆ ತಲೆ ಸುತ್ತುತ್ತದೆ. ಮೂಳೆ ಮೀನುಗಳಲ್ಲಿ ಇದೇ ಸುಣ್ಣ ಪುಡಿಯಾಗಿರುವುದಿಲ್ಲ, ಗಟ್ಟಿ ಕಲ್ಲಾಗಿ ಬೆಳೆಯುತ್ತದೆ. ವಿಜ್ಞಾನಿಗಳು ಅದನ್ನು ಓಟೋಲಿತ್ ಅಂತಾರೆ. ನಾವು ಕಿವಿಗಲ್ಲು ಅನ್ನೋಣ.

ಮೀನಿನ ತಲೆಯಲ್ಲಿ ಇಂಥ ಕಲ್ಲು ಮೂರು ಜೊತೆ ಇರುತ್ತವೆ. ಸಜಿಟ್ಟಾ ಅಂದರೆ ಬಾಣ, ಲಪಿಲ್ಲಸ್ ಅಂದರೆ ಪುಟ್ಟ ಕಲ್ಲು, ಆಸ್ಟೆರಿಸ್ಕಸ್ ಅಂದರೆ ಪುಟ್ಟ ನಕ್ಷತ್ರ. ಹೆಚ್ಚಿನ ಸಮುದ್ರ ಮೀನುಗಳಲ್ಲಿ ಸಜಿಟ್ಟಾ ದೊಡ್ಡದು. ಬರಿಗಣ್ಣಿಗೆ ಚೆನ್ನಾಗಿ ಕಾಣುವುದು ಆ ಒಂದು ಜೊತೆ ಮಾತ್ರ.

ಮೀನಿನ ಮೈಗೂ ನೀರಿಗೂ ಸಾಂದ್ರತೆಯಲ್ಲಿ ಹೆಚ್ಚು ಕಡಿಮೆ ವ್ಯತ್ಯಾಸವೇ ಇಲ್ಲ. ನೀರಿನಲ್ಲಿ ಶಬ್ದದ ಅಲೆ ಬಂದಾಗ ಮೀನಿನ ಮೈ ನೀರಿನ ಜೊತೆಗೇ ಅಲುಗುತ್ತದೆ. ಆದರೆ ಕಿವಿಗಲ್ಲು ನೀರಿಗಿಂತ ಸುಮಾರು ಮೂರು ಪಟ್ಟು ಭಾರ. ಅದು ಸ್ವಲ್ಪ ಹಿಂದೆ ಬೀಳುತ್ತದೆ. ಮೈ ಒಂದು ಕಡೆ, ಕಲ್ಲು ಒಂದು ಕಡೆ. ಆ ಎಳೆದಾಟದಲ್ಲಿ ಕಲ್ಲಿಗೆ ತಾಗಿಕೊಂಡಿರುವ ಸಣ್ಣ ಕೂದಲಂಥ ಕೋಶಗಳು ಬಾಗುತ್ತವೆ. ಮೀನಿಗೆ ಶಬ್ದ ಕೇಳುವುದು ಹೀಗೆ.

ಅಮ್ಮನ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ರಸೆಲ್ ಮಾರ್ಕೆಟ್ಟಿಗೆ ಹೋದೆ. ಕಾಣೆ, ಬಂಗುಡೆ, ಒಂದು ಕಾಟ್ಲಾ, ಒಂದು ಕ್ರೋಕರ್ ತೆಗೆದುಕೊಂಡೆ.

"ತಲೆ ತೆಗೆದುಬಿಡ್ಲಾ ಮೇಡಂ?"

"ಬೇಡ ಅಣ್ಣಾ, ತಲೆನೇ ಬೇಕು."

ಮೊದಲು ಹಿಡಿದಿದ್ದು ಕ್ರೋಕರ್. ಈ ಮೀನು ಈಜುಚೀಲದ ಪಕ್ಕದ ಸ್ನಾಯುಗಳನ್ನು ಅದುರಿಸಿ ಕಪ್ಪೆಯ ಹಾಗೆ ಸದ್ದು ಮಾಡುತ್ತದೆ, ಅದಕ್ಕೇ ಆ ಹೆಸರು. ಕಣ್ಣಿನ ಹಿಂದೆ ತಲೆಬುರುಡೆಗೆ ಅಡ್ಡಲಾಗಿ ಚಾಕು ಇಟ್ಟು ಒತ್ತಿದೆ. ಬುರುಡೆ ತೆರೆದುಕೊಂಡಿತು. ಬೆಳ್ಳಗಿನ ಮೆದುಳಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಗೂಡು. ಚಿಮುಟ ಹಾಕಿದರೆ ಟಕ್ ಅಂತ ಏನೋ ಗಟ್ಟಿಯಾಗಿ ತಗುಲಿತು. ಮೆಲ್ಲಗೆ ಎಳೆದೆ. ಹಿತಕಿದ ಅವರೆಬೇಳೆಯಷ್ಟು ದಪ್ಪದ, ಹಾಲಿನ ಬಣ್ಣದ ಕಲ್ಲು. ತೊಳೆದು ಅಂಗೈ ಮೇಲೆ ಇಟ್ಟುಕೊಂಡರೆ ಪಿಂಗಾಣಿ ಚೂರಿನ ಹಾಗಿತ್ತು.

ಒಂದು ಮೈ ಉಬ್ಬು, ಗಂಟುಗಂಟು. ಇನ್ನೊಂದು ಮೈ ನಯ. ನಯವಾದ ಆ ಮೈ ಮೇಲೆ ಭೂತಗನ್ನಡಿ ಹಿಡಿದರೆ ಒಂದು ತೋಡು ಕಾಣುತ್ತದೆ. ಮುಂದೆ ಅಗಲ, ಹಿಂದೆ ಸಪೂರವಾಗಿ ಬಾಗಿದ ಬಾಲ. ಥೇಟ್ ಗೊದಮೊಟ್ಟೆ. ಕೂದಲ ಕೋಶಗಳ ಪಟ್ಟಿ ಬಂದು ಕೂರುವುದು ಈ ತೋಡಿನಲ್ಲೇ. ಗೊದಮೊಟ್ಟೆಯಂಥ ಈ ತೋಡು ಕಂಡರೆ ಅದು ಕ್ರೋಕರ್ ಕುಟುಂಬದ್ದು ಅಂತ ತಿಳಿದವರು ತಕ್ಷಣ ಹೇಳುತ್ತಾರೆ. ನಮ್ಮ ಪಶ್ಚಿಮ ಕರಾವಳಿಯಲ್ಲೂ ಸಿಗುವ ಒಂದು ಕ್ರೋಕರ್ ಕುಲದ ಹೆಸರೇ ಓಟೋಲಿಥಿಸ್. ಕಲ್ಲು ಅಷ್ಟು ದೊಡ್ಡದು, ಹೆಸರನ್ನೇ ಹಿಡಿದುಕೊಂಡಿದೆ.

ಕಾಣೆಯ ಕಲ್ಲು ಬೇರೆ ಥರ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಉದ್ದ, ಒಂದು ತುದಿ ಚೂಪು. ಬಂಗುಡೆಯದು ತೀರಾ ಸಣ್ಣದು, ತೆಳ್ಳಗೆ. ಮೊದಲನೆಯದನ್ನು ಚಿಮುಟದಲ್ಲಿ ಒತ್ತಿ ಮುರಿದೇಬಿಟ್ಟೆ. ಸಾಮಾನ್ಯವಾಗಿ ಸಮುದ್ರದ ಮೇಲ್ಪದರದಲ್ಲಿ ವೇಗವಾಗಿ ಈಜುವ ಮೀನುಗಳ ಕಲ್ಲು ಸಣ್ಣದು, ತಳದಲ್ಲಿ ಓಡಾಡುವ ಮೀನುಗಳದ್ದು ದಪ್ಪ. ಕಾಟ್ಲಾದ ತಲೆಯಲ್ಲಿ ಎಷ್ಟು ಹುಡುಕಿದರೂ ಸಜಿಟ್ಟಾ ಸಿಗಲಿಲ್ಲ. ಆಮೇಲೆ ಓದಿದಾಗ ಗೊತ್ತಾಯಿತು, ಕಾಟ್ಲಾ, ರೋಹುಗಳ ಕುಟುಂಬದಲ್ಲಿ ಸಜಿಟ್ಟಾ ಸೂಜಿಯ ಹಾಗೆ ಸಪೂರ. ಅಲ್ಲಿ ದೊಡ್ಡದಾಗಿ ಬೆಳೆಯುವುದು ಆಸ್ಟೆರಿಸ್ಕಸ್.

ನಾಲ್ಕು ಮೀನು, ನಾಲ್ಕು ಥರದ ಕಲ್ಲು. ಅಂಚಿನ ಆಕಾರ, ತೋಡಿನ ಆಳ, ಮುಂದಿನ ಮೂಗಿನಂಥ ಚಾಚು, ಉದ್ದಕ್ಕೂ ಎತ್ತರಕ್ಕೂ ಇರುವ ಅನುಪಾತ, ಇವನ್ನೆಲ್ಲ ಸೇರಿಸಿ ನೋಡಿದರೆ ಬರೀ ಕುಟುಂಬವಲ್ಲ, ಎಷ್ಟೋ ಸಲ ಜಾತಿಯನ್ನೇ ಹೇಳಬಹುದು. ಮೀನು ಪೂರ್ತಿ ಕರಗಿ ಮಣ್ಣಾಗಿ ಕೋಟಿ ವರ್ಷ ಕಳೆದಿದ್ದರೂ ಕಲ್ಲು ಉಳಿದಿದ್ದರೆ ಅದನ್ನೂ ಹೀಗೇ ಓದಬಹುದು. ಪಳೆಯುಳಿಕೆಯಾದ ಕಿವಿಗಲ್ಲುಗಳನ್ನು ಹೀಗೆ ಕ್ರಮವಾಗಿ ಓದುವ ಕೆಲಸಕ್ಕೆ ಅಡಿಪಾಯ ಹಾಕಿದವರು ಜರ್ಮನಿಯ ಅರ್ನ್ಸ್ಟ್ ಕೋಕೆನ್. ಅವರ ಮೊದಲ ದೊಡ್ಡ ಬರಹ ಬಂದದ್ದು 1884ರಲ್ಲಿ.

ಇಡೀ ಮೀನು ಪಳೆಯುಳಿಕೆಯಾಗಿ ಸಿಗುವುದು ಅಪರೂಪ. ಸತ್ತ ಮೀನು ಕೊಳೆಯುತ್ತದೆ, ಮುಳ್ಳುಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಅಸ್ಥಿಪಂಜರ ಹಾಗೇ ಉಳಿಯಬೇಕಾದರೆ ತಳದ ನೀರು ಅಲುಗಬಾರದು, ಕೆಸರು ಬೇಗ ಮುಚ್ಚಬೇಕು. ಕಿವಿಗಲ್ಲಿಗೆ ಅಷ್ಟೆಲ್ಲ ಅದೃಷ್ಟ ಬೇಕಿಲ್ಲ. ಅದು ಮೂಳೆಯೇ ಅಲ್ಲ. ಮೂಳೆ ಕ್ಯಾಲ್ಸಿಯಂ ಫಾಸ್ಫೇಟ್, ಇದು ಕ್ಯಾಲ್ಸಿಯಂ ಕಾರ್ಬೊನೇಟ್. ಸಜಿಟ್ಟಾದಲ್ಲಿ ಸಾಮಾನ್ಯವಾಗಿ ಇರುವುದು ಅರಗೊನೈಟ್ ಎಂಬ ಹರಳು, ಮುತ್ತಿನಲ್ಲಿರುವುದೂ ಅದೇ. ಹುಳಿ ತಾಗಿದರೆ ಕರಗುತ್ತದೆ. ಆದ್ದರಿಂದ ಆಮ್ಲೀಯ ಮಣ್ಣಿನಲ್ಲಿ ಉಳಿಯುವುದಿಲ್ಲ. ಕಪ್ಪೆಚಿಪ್ಪು, ಶಂಖಗಳು ಹಾಳಾಗದೆ ಉಳಿದಿರುವ ಜೇಡಿಪದರ ಸಿಕ್ಕಿದರೆ ಮಾತ್ರ ಕಿವಿಗಲ್ಲೂ ಸಿಗುವ ಆಸೆ ಇಟ್ಟುಕೊಳ್ಳಬಹುದು.

ಸಿಕ್ಕಿದ ಮೇಲಿನ ಕೆಲಸ ನಮ್ಮ ಅಡುಗೆಮನೆಯ ಕೆಲಸದ ಹಾಗೇ ಇದೆ. ಕಿಲೋಗಟ್ಟಲೆ ಜೇಡಿಮಣ್ಣು ತರಬೇಕು. ಚೆನ್ನಾಗಿ ಒಣಗಿಸಬೇಕು. ಒಣಗಿದ ಮಣ್ಣನ್ನು ನೀರಿಗೆ ಹಾಕಿದರೆ ತಾನೇ ಪುಡಿಪುಡಿಯಾಗುತ್ತದೆ. ಆಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಬಿಡುತ್ತಾ ಸೋಸಬೇಕು. ಉಳಿದದ್ದನ್ನು ಮತ್ತೆ ಒಣಗಿಸಿ, ಮೈಕ್ರೋಸ್ಕೋಪ್ ಕೆಳಗೆ ಹರಡಿ, ಒದ್ದೆ ಬ್ರಷ್ಷಿನ ತುದಿಯಲ್ಲಿ ಒಂದೊಂದೇ ಕಲ್ಲನ್ನು ಎತ್ತಬೇಕು. ಅಕ್ಕಿ ಆರಿಸಿದ ಹಾಗೆ, ಆದರೆ ಇಲ್ಲಿ ಬೇಕಾಗಿರುವುದು ಕಲ್ಲು! ದಿನಗಟ್ಟಲೆ ಕೂತು ಮಾಡುವ ಈ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕು ಅನ್ನುವುದನ್ನು ನೆನೆದರೆ ಆ ಜನರ ಮೇಲೆ ಗೌರವ ಹುಟ್ಟುತ್ತದೆ.

ಬೆಂಗಳೂರಿನಲ್ಲಿ ಇಂಥ ಜೇಡಿಪದರ ಹುಡುಕಿ ಪ್ರಯೋಜನವಿಲ್ಲ. ಲಾಲ್‌ಬಾಗ್ ಬಂಡೆ ಹತ್ತಿದವರೆಲ್ಲ ಅಲ್ಲಿನ ಫಲಕ ನೋಡಿರುತ್ತೀರಿ. ನೈಸ್ ಎಂಬ ಆ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೀನುಗಳು ಭೂಮಿಗೆ ಬಂದು 50 ಕೋಟಿ ವರ್ಷದ ಆಸುಪಾಸು ಅಷ್ಟೇ. ನಮ್ಮ ಕಾಲ ಕೆಳಗಿನ ಕಲ್ಲು ಮೀನಿಗಿಂತ ಬಹಳ ಹಳೆಯದು. ಸ್ವಲ್ಪ ದೂರ ಹೋಗಬೇಕು.

ಉತ್ತರಕ್ಕೆ ಹೋದರೆ ದಖ್ಖನ್‌ನ ಕಪ್ಪು ಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಅಲ್ಲಿ ಲಾವಾ ಪದರ ಪದರವಾಗಿ ಹರಿಯಿತು. ಒಂದು ಹರಿವಿಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಕೆರೆ ಕಟ್ಟಿಕೊಂಡಿತು, ಹೂಳು ತುಂಬಿತು, ಮೀನು ಬಂತು. ಆಮೇಲೆ ಮತ್ತೆ ಲಾವಾ. ಹಾಗೆ ನಡುವೆ ಸಿಕ್ಕಿಕೊಂಡ ಹೂಳಿನ ಪದರಗಳು ನಮ್ಮ ಕಲಬುರಗಿ ಭಾಗದಲ್ಲೂ ಇವೆ. ಹೈದರಾಬಾದ್ ಹತ್ತಿರದ ರಂಗಾಪುರದ ಇಂಥ ಪದರದಿಂದ ಸಿಹಿನೀರಿನ ಮೀನುಗಳ ಕಿವಿಗಲ್ಲುಗಳನ್ನು ಆರ್. ಎಸ್. ರಾಣಾ 1988ರಲ್ಲಿ ವಿವರಿಸಿದರು. ಡೈನೊಸಾರ್‌ಗಳು ಅಳಿದ ಆ ಕಾಲದಲ್ಲಿ ದಖ್ಖನ್ ಕೆರೆಗಳಲ್ಲಿ ಯಾವ ಮೀನು ಓಡಾಡುತ್ತಿದ್ದವು ಅನ್ನುವುದಕ್ಕೆ ಸಾಸಿವೆ ಗಾತ್ರದ ಕಲ್ಲುಗಳು ಸಾಕ್ಷಿ ಹೇಳುತ್ತಿವೆ.

ದಕ್ಷಿಣಕ್ಕೆ ಹೋದರೆ ಕೇರಳದ ಕೊಲ್ಲಂ. ಅಷ್ಟಮುಡಿ ಹಿನ್ನೀರಿನ ದಡದ ಪಡಪ್ಪಕ್ಕರದಲ್ಲಿ ಹಳೆಯ ಸಮುದ್ರತಳದ ಪದರ ಹೊರಗೆ ಕಾಣುತ್ತದೆ, ತುಂಬಾ ಚಿಪ್ಪುಗಳು. ಕ್ವಿಲಾನ್ ಪದರ ಅಂತ ಅದರ ಹೆಸರು. ಅಲ್ಲಿ ಸಿಕ್ಕಿದ ಸುಮಾರು 1 ಕೋಟಿ 70 ಲಕ್ಷ ವರ್ಷ ಹಳೆಯ ಕಿವಿಗಲ್ಲುಗಳ ಅಧ್ಯಯನ 2022ರಲ್ಲಿ ಬಂತು. ಭಾರತದ ಸಂಶೋಧಕರ ಜೊತೆ ಈ ವಿಷಯದ ಪರಿಣತ ವೆರ್ನರ್ ಶ್ವಾರ್ಟ್ಸ್‌ಹಾನ್ಸ್ ಕೂಡ ಇದ್ದರು. ಹೊಸ ಜಾತಿಗಳಿಗೆ ಹೆಸರಿಟ್ಟರು. ಆ ಹೊತ್ತಿಗೆ ಅರೇಬಿಯಾ ಬಂದು ಯುರೇಷ್ಯಾಕ್ಕೆ ತಾಗುತ್ತಿತ್ತು. ಹಿಂದೂ ಮಹಾಸಾಗರಕ್ಕೂ ಮೆಡಿಟರೇನಿಯನ್‌ಗೂ ನಡುವಿನ ನೀರಿನ ದಾರಿ ಮುಚ್ಚುತ್ತಿತ್ತು. ಎರಡೂ ಕಡೆಯ ಮೀನುಗಳು ಆಗ ಒಂದೇ ಬಳಗವೋ, ಆಗಲೇ ಬೇರೆಯಾಗಿದ್ದವೋ? ಇದನ್ನು ಕೇಳಬೇಕಾದರೆ ನಮ್ಮ ಕಡೆಯ ಮೀನುಗಳ ಪಟ್ಟಿ ಬೇಕು. ಆ ಪಟ್ಟಿ ಬರುವುದು ಕಿವಿಗಲ್ಲಿನಿಂದಲೇ.

ಹೆಸರಿಡುವುದು ಮಾತ್ರ ಸುಲಭವಲ್ಲ. ಮರಿಮೀನಿನ ಕಲ್ಲಿನಲ್ಲಿ ಗುರುತುಗಳು ಇನ್ನೂ ಮೂಡಿರುವುದಿಲ್ಲ, ಎಲ್ಲ ಮರಿಗಳ ಕಲ್ಲೂ ಒಂದೇ ಥರ ದುಂಡಗೆ ಕಾಣುತ್ತದೆ. ದೊಡ್ಡ ಮೀನಿನ ಹೊಟ್ಟೆ ಸೇರಿ ಬಂದ ಕಲ್ಲನ್ನು ಅಲ್ಲಿನ ಆಮ್ಲ ಸವೆಸಿರುತ್ತದೆ. ಒಂದೇ ಮೀನಿಗೆ ಅಸ್ಥಿಪಂಜರ ನೋಡಿದವರು ಒಂದು ಹೆಸರು, ಕಲ್ಲು ನೋಡಿದವರು ಇನ್ನೊಂದು ಹೆಸರು ಇಟ್ಟುಬಿಡುವ ಅಪಾಯವೂ ಇದೆ. ಅಸ್ಥಿಪಂಜರದ ತಲೆಯೊಳಗೇ ಕಲ್ಲು ಇರುವಂಥ ಪಳೆಯುಳಿಕೆ ಎಲ್ಲೋ ಒಂದೊಂದು ಸಿಕ್ಕಾಗ ಮಾತ್ರ ಎರಡೂ ಹೆಸರು ತಾಳೆಯಾಗುತ್ತವೆ. ದಖ್ಖನ್ ಪದರದ ಕಲ್ಲುಗಳಿಗೆ ಕೊಟ್ಟಿದ್ದ ಹೆಸರುಗಳನ್ನು 2008ರಲ್ಲಿ ಮತ್ತೆ ಕೂತು ಪರಿಷ್ಕರಿಸಿದರು. ಅದನ್ನು ಮಾಡಿದವರಲ್ಲಿ ರಾಣಾ ಕೂಡ ಒಬ್ಬರು. ತಾವೇ ಇಟ್ಟ ಹೆಸರನ್ನು ತಾವೇ ಮತ್ತೆ ಪರೀಕ್ಷೆಗೆ ಒಡ್ಡಿದ್ದು ನನಗೆ ತುಂಬಾ ಹಿಡಿಸಿತು.

ಕಲ್ಲು ಹೇಳುವುದು ಹೆಸರನ್ನಷ್ಟೇ ಅಲ್ಲ. ಮೀನು ಬದುಕಿರುವಷ್ಟು ದಿನ ಕಿವಿಗಲ್ಲಿನ ಮೇಲೆ ಹೊಸ ಪದರ ಕೂರುತ್ತಲೇ ಇರುತ್ತದೆ. ಒಮ್ಮೆ ಕೂತದ್ದನ್ನು ಮೈ ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಅಡ್ಡ ಕೊಯ್ದು ನೋಡಿದರೆ ಮರದ ಹಾಗೆ ವರ್ಷದ ಉಂಗುರಗಳು. 1899ರಲ್ಲಿ ಯೋಹಾನೆಸ್ ರೈಬಿಷ್ ಇವನ್ನು ಎಣಿಸಿ ಮೀನಿನ ವಯಸ್ಸು ಹೇಳಿದರು. 1971ರಲ್ಲಿ ಜಾರ್ಜಿಯೊ ಪನೆಲ್ಲಾ ಇನ್ನೂ ಸಣ್ಣ ಗೆರೆಗಳನ್ನು ಕಂಡರು. ಅವು ದಿನಕ್ಕೊಂದರಂತೆ ಮೂಡಿದ ಗೆರೆಗಳು!

ಆ ಪದರಗಳ ಆಮ್ಲಜನಕದಲ್ಲಿ ಆಗಿನ ನೀರಿನ ಬಿಸಿಯೂ ಬರೆದಿರುತ್ತದೆ. ಆಮ್ಲಜನಕದಲ್ಲೇ ಹಗುರದ್ದು, ಭಾರದ್ದು ಅಂತ ಬಗೆಗಳಿವೆ; ನೀರು ತಣ್ಣಗಿದ್ದಷ್ಟೂ ಕಲ್ಲಿನಲ್ಲಿ ಭಾರದ ಆಮ್ಲಜನಕ ಜಾಸ್ತಿ. ಸುಮಾರು 3 ಕೋಟಿ 40 ಲಕ್ಷ ವರ್ಷಗಳ ಹಿಂದೆ ಭೂಮಿ ತಣ್ಣಗಾದಾಗ ಸಮುದ್ರದ ಅನೇಕ ಜೀವಿಗಳು ಅಳಿದವು. ಅಮೆರಿಕದ ದಕ್ಷಿಣ ಕರಾವಳಿಯಲ್ಲಿ ಸಿಕ್ಕಿದ ಆ ಕಾಲದ ಹಾವುಮೀನುಗಳ ಕಿವಿಗಲ್ಲುಗಳನ್ನು ಲಿಂಡಾ ಐವನಿ ಮತ್ತು ಜೊತೆಗಾರರು ಪದರ ಪದರವಾಗಿ ಕೆರೆದು ಅಳೆದರು. 2000ದಲ್ಲಿ ಬಂದ ಆ ಬರಹದ ಪ್ರಕಾರ ಬೇಸಿಗೆ ಹೆಚ್ಚು ಬದಲಾಗಿರಲಿಲ್ಲ, ಚಳಿಗಾಲ ಮಾತ್ರ ಸುಮಾರು 4 ಡಿಗ್ರಿ ತಣ್ಣಗಾಗಿತ್ತು. ಒಂದು ಮೀನು ಕಂಡ ಚಳಿಗಾಲ ಮತ್ತು ಬೇಸಿಗೆ ಎರಡನ್ನೂ ಬೇರೆ ಬೇರೆಯಾಗಿ ಕಲ್ಲಿನಲ್ಲಿ ಓದಬಹುದು ಅನ್ನುವುದೇ ನನಗೆ ಎಲ್ಲಕ್ಕಿಂತ ಬೆರಗಿನ ಸಂಗತಿ.

ಹಳೆಯ ಕಲ್ಲಿಗೆ ಹೆಸರು ಹೇಳಬೇಕಾದರೆ ಮೊದಲು ಇವತ್ತಿನ ಮೀನಿನ ಕಲ್ಲು ಕೈಯಲ್ಲಿರಬೇಕು. ಇದು ಕ್ರೋಕರ್ ತೋಡು ಅಂತ ಗೊತ್ತಾಗುವುದು ಇವತ್ತಿನ ಕ್ರೋಕರ್ ತಲೆ ಕೊಯ್ದು ನೋಡಿದವರು ಇರುವುದರಿಂದ. ಅದಕ್ಕೇ ಈ ಕೆಲಸ ಮಾಡುವವರ ಬಳಿ ಪಳೆಯುಳಿಕೆಯ ಜೊತೆಗೆ ಇವತ್ತಿನ ಮೀನುಗಳ ಕಲ್ಲಿನ ದೊಡ್ಡ ಸಂಗ್ರಹವೇ ಇರುತ್ತದೆ. ಪ್ರತಿ ಜೊತೆಯ ಜೊತೆಗೂ ಮೀನಿನ ಹೆಸರು, ಉದ್ದ, ಹಿಡಿದ ಜಾಗ. ಹೆಸರಿಲ್ಲದ ಕಲ್ಲು ಬರೀ ಕಲ್ಲು.

ಭಾನುವಾರದ ಕಲ್ಲುಗಳನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದೆ. ಅಮ್ಮ ತಮ್ಮ ಹಳೆಯ ಕುಂಕುಮದ ಡಬ್ಬಿ ಕೊಟ್ಟರು. ಬಂಗುಡೆಯದು ಒಂದೇ ಉಳಿದಿತ್ತು. ಕ್ರೋಕರ್‌ನ ಚೀಟಿ ಬರೆಯಲು ಕೂತರೆ ಪೆನ್ನು ಅಲ್ಲೇ ನಿಂತಿತು. ಕ್ರೋಕರ್ ಅಂದರೆ ಇಡೀ ಕುಟುಂಬ, ಇದು ಯಾವ ಜಾತಿ ಅಂತ ನಾನು ನೋಡಿಕೊಂಡೇ ಇರಲಿಲ್ಲ. ಮೀನು ಆಗಲೇ ಸಾರಿನಲ್ಲಿ ಕುದಿಯುತ್ತಿತ್ತು. "ಮುಂದಿನ ಸಲ ಕೊಯ್ಯೋ ಮೊದಲು ಫೋಟೋ ತೆಗಿ" ಅಂದರು ಅಮ್ಮ. ಕಾಣೆಯ ಚೀಟಿ ಮಾತ್ರ ಪೂರ್ತಿಯಾಗಿದೆ. ಕಾಣೆ, 22 ಸೆಂಟಿಮೀಟರ್, ರಸೆಲ್ ಮಾರ್ಕೆಟ್, ಎಡ ಮತ್ತು ಬಲ.