ಕೋಳಿಗೆ ತುಟಿ, ಆನೆಗೆ ಕೊಂಬು

ಒಂದನೇ ಕ್ಲಾಸಲ್ಲಿ ಕೋಳಿಯ ಚಿತ್ರ ಹಿಡಿದು, ಕೊಕ್ಕಿನ ಮೇಲೆ ಬೆರಳಿಟ್ಟು "ಇದೆಂತ?" ಅಂತ ಕೇಳಿದ್ರೆ ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಯಲ್ಲಿ ಒಬ್ಬನಾದ್ರೂ "ತುಟಿ, ಟೀಚರ್" ಅಂತಾನೆ. "ತುಟಿ ಅಲ್ಲ, ಕೊಕ್ಕು" ಅಂತ ಮೂರು ಸಲ ಹೇಳಿಸಿ ಮುಂದೆ ಹೋಗುದು ಸುಲಭ, ಶುರುವಿನಲ್ಲಿ ನಾನೂ ಅದನ್ನೇ ಮಾಡ್ತಿದ್ದೆ. ಆಮೇಲೆ ಗೊತ್ತಾಯ್ತು, ಆ ಮಗುವಿನ ಮನೆಯಲ್ಲಿ ಮಲಯಾಳ, ಮಲಯಾಳದಲ್ಲಿ ತುಟಿಗೂ ಚುಂಡ್, ಹಕ್ಕಿಯ ಕೊಕ್ಕಿಗೂ ಚುಂಡ್, ಅವನು ಮನೆಯ ಮಾತನ್ನು ಸರಿಯಾಗೇ ಕನ್ನಡಕ್ಕೆ ತಂದಿದ್ದಾನೆ. ಆನೆಯ ಕಥೆಯೂ ಅದೇ, ಅವರಲ್ಲಿ ದಂತಕ್ಕೆ ಆನೆಕ್ಕೊಂಬ್ ಅಂತಾರೆ, ಹಾಗಾಗಿ ದನಕ್ಕೂ ಎರಡು ಕೊಂಬು, ಆನೆಗೂ ಎರಡು ಕೊಂಬು.

ನನ್ನ ಪ್ರಕಾರ ಪ್ರಾಣಿಗಳ ಅಂಗ ಹೋಲಿಸ್ಲಿಕ್ಕೆ ಕಲಿಸುವವರು ಈ "ತಪ್ಪ"ನ್ನು ತಿದ್ದುವ ಮೊದಲು ಅದರ ಜೊತೆ ಒಂದು ವಾರ ಆಡ್ಬೇಕು. ಮಗು ಹೋಲಿಕೆ ಆಗ್ಲೇ ಮಾಡಿಯಾಗಿದೆ, ನಾವು ಮಾಡ್ಬೇಕಾದ್ದು ಪರೀಕ್ಷೆ ಅಷ್ಟೆ. ಗೋಡೆಯ ಚಾರ್ಟಿಂದ ಇದು ಆಗುದಿಲ್ಲ ಮಾರಾಯ್ರೆ, ಅದ್ರಲ್ಲಿ ಇಲಿಯೂ ಆನೆಯೂ ಒಂದೇ ಸೈಜು.

"ಸರಿ, ತುಟಿಯೇ ಅಂತ ಇಟ್ಕೊಳ್ಳುವ, ನಿನ್ನ ತುಟಿ ಮಾಡುವ ಕೆಲಸ ಅದು ಮಾಡ್ತದಾ ನೋಡುವ" ಅಂತ ಶುರು ಮಾಡ್ತೇನೆ. ತುಟಿಗೆ ತುಟಿ ಮುಟ್ಟಿಸದೆ "ಅಮ್ಮ" ಹೇಳಿ ಅಂದ್ರೆ ಇಡೀ ಕ್ಲಾಸು "ಅನ್ನ, ಅನ್ನ" ಅಂತ ಬೊಬ್ಬೆ, ಅಪ್ಪನೂ ಬರುದಿಲ್ಲ. (ಗಿಳಿ ಮಾತಾಡ್ತದಲ್ಲ ಅಂತ ಒಬ್ಬಳು ಕೇಳೇ ಕೇಳ್ತಾಳೆ, ಗಿಳಿಯ ಸ್ವರ ಎದೆಯ ಒಳಗಿಂದ, ಶ್ವಾಸನಾಳದ ಬುಡದಿಂದ ಬರುದು ಅಂತ ಅಲ್ಲಿಗೇ ಹೇಳಿಬಿಡಿ.) ಆಮೇಲೆ ಬಟ್ಟೆ ಒಣಹಾಕುವ ಕ್ಲಿಪ್ ಕೊಟ್ಟು ಕಡ್ಲೆ ಹೆಕ್ಕಿಸುದು, ಅದು ಕೋಳಿ. ಕೋಳಿ ನೀರು ಕುಡಿಯುದನ್ನು ಮನೆಯಲ್ಲಿ ನೋಡಿ ಬನ್ನಿ ಅಂದ್ರೆ ಮರುದಿನ ಎಲ್ಲರೂ ತಲೆ ಬಗ್ಗಿಸಿ, ಆಕಾಶ ನೋಡಿ, ಬಗ್ಗಿಸಿ, ಆಕಾಶ ನೋಡಿ ತೋರಿಸ್ತಾರೆ. ಸ್ಟ್ರಾ ಹಾಕಿ ಹೀರುವ ನಮಗೂ ಅದಕ್ಕೂ ಎಂತ ವ್ಯತ್ಯಾಸ ಅಂತ ನಾನು ಹೇಳುವ ಅಗತ್ಯವೇ ಬೀಳುದಿಲ್ಲ.

ಕೊಂಬಿನ ಆಟಕ್ಕೆ ಒಂದೇ ಪ್ರಶ್ನೆ, ಎಲ್ಲಿಂದ ಹೊರಟದ್ದು? ದನ ಆದ್ರೆ ಬೆರಳು ತಲೆಯ ಮೇಲೆ, ಆನೆ ಆದ್ರೆ ಬೆರಳು ಬಾಯಿಗೆ. ಮೂರನೇ ಸಲಕ್ಕೆ ಯಾರಾದ್ರೂ "ಅದು ಹಲ್ಲು ಟೀಚರ್!" ಅಂತ ಕೂಗ್ತಾರೆ. ಹೌದು, ಮೇಲಿನ ಎದುರು ಹಲ್ಲೇ ಉದ್ದ ಬೆಳೆದು ದಂತ ಆದದ್ದು. ಚಂದ ಎಂತ ಅಂದ್ರೆ ದನಕ್ಕೆ ಸರಿಯಾಗಿ ಆ ಜಾಗದಲ್ಲಿ ಹಲ್ಲೇ ಇಲ್ಲ, ಗಟ್ಟಿ ಒಸಡು ಮಾತ್ರ. ನಮ್ಮ ಕಾಸರಗೋಡು ಗಿಡ್ಡ ತಳಿಯ ದನ ಹಟ್ಟಿಯಲ್ಲಿದ್ರೆ ಅಜ್ಜನ ಹತ್ರ ಬಾಯಿ ತೆರೆಸಿ ತೋರಿಸ್ಲಿಕ್ಕೆ ಹೇಳಿ, ಮಕ್ಕಳೇ ಕೈ ಹಾಕುದು ಬೇಡ. ಕ್ಲಾಸಲ್ಲಿ ಮೇಲಿನ ಹಲ್ಲನ್ನು ತುಟಿಯಿಂದ ಮುಚ್ಚಿಕೊಂಡು ಮುಳ್ಳುಸೌತೆ ಕಚ್ಚಿಸಿ ನೋಡಿ, ಆಗುದಿಲ್ಲ. ದನ ನಾಲಗೆ ಸುತ್ತಿ ಹುಲ್ಲು ಎಳೆಯುದು ಯಾಕೆ ಅಂತ ಆಗ ತಲೆಗೆ ಹೋಗ್ತದೆ. ಆನೆಯ ಸೊಂಡಿಲಿಗೆ ಅಪ್ಪನ ಹಳೆ ಸಾಕ್ಸ್ ಮೊಣಕೈವರೆಗೆ ಹಾಕಿ ಅಡಿಕೆ ಹೆಕ್ಕಿಸಿದ್ರೆ ಸಾಕು, ಸೊಂಡಿಲು ಅಂದ್ರೆ ಮೂಗೂ ಮೇಲ್ತುಟಿಯೂ ಒಟ್ಟಿಗೆ ಬೆಳೆದದ್ದು ಅಂದಾಗ ತುಟಿಯ ಹುಡುಗನಿಗೆ ಭಾರೀ ಖುಷಿ.

ಒಂದು ಸಲಕ್ಕೆ ಎರಡೇ ಪ್ರಾಣಿ ಇಟ್ಕೊಳ್ಳಿ, ಮೂರನೆಯದ್ದು ಬಂದ್ರೆ ಹೋಲಿಕೆ ಹೋಗಿ ಬರೇ ಹೆಸರು ಹೇಳುದು ಆಗ್ತದೆ. ದೊಡ್ಡದು, ಸಣ್ಣದು ಅಂತ ಕೇಳುದನ್ನೂ ಕಮ್ಮಿ ಮಾಡಿ.

ಕುಂಬಳೆ ಕಡೆಯ ಮಕ್ಕಳಿಗೆ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ಗೊತ್ತು, 2022ರಲ್ಲಿ ಅದು ಸತ್ತದ್ದು ಅಣ್ಣ ಅಕ್ಕಂದಿರಿಂದ ಕೇಳಿದ್ದಾರೆ. ಬಬಿಯಾನ ಫೋಟೋದಲ್ಲಿ ಬಾಯಿ ಮುಚ್ಚಿದ್ರೂ ಹಲ್ಲು ಯಾಕೆ ಕಾಣ್ತದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಬಾಯಿ ಮುಚ್ಚಿ, ತೆರೆದು, ಒಬ್ಬರದ್ದೊಬ್ಬರು ನೋಡಿ ಕಡೆಗೆ ಹೇಳಿದ್ರು, ಮೊಸಳೆಗೆ ತುಟಿ ಇಲ್ಲ.

ಹಾಗಾದ್ರೆ ಆಮೆಗೆ? ಈ ಪ್ರಶ್ನೆ ಬರುತ್ತೆ ಅಂತ ನಾನು ಅಂದಾಜು ಮಾಡಿರ್ಲಿಲ್ಲ. ಆಮೆಗೆ ಹಲ್ಲಿಲ್ಲ, ಕೊಕ್ಕು. ಆದ್ರೆ ನಮ್ಮ ಚಂದ್ರಗಿರಿ ಹೊಳೆಯಲ್ಲಿ ಪಾಲಪ್ಪೂವನ್ ಅಂತ ಮೆತ್ತನೆ ಚಿಪ್ಪಿನ ದೊಡ್ಡ ಆಮೆ ಉಂಟಲ್ಲ, 2023ರಲ್ಲಿ ಜಿಲ್ಲೆಯ ಪ್ರಾಣಿ ಅಂತ ಘೋಷಣೆ ಮಾಡಿದ್ದು, ಅದರ ಜಾತಿಯ ಆಮೆಗಳಿಗೆ ಕೊಕ್ಕಿನ ಮೇಲೆ ಮಾಂಸದ ತುಟಿಯೂ ಉಂಟು. ಇದನ್ನು ಹೇಳಿ ಮುಗಿಸ್ಲಿಕ್ಕಿಲ್ಲ, ಹಿಂದಿನ ಬೆಂಚಿಂದ ಅದೇ ಹುಡುಗ ಎದ್ದು ನಿಂತ, "ಅದಕ್ಕಾದ್ರೂ ಚುಂಡ್ ಅಂತ ಹೇಳ್ಬಹುದಲ್ಲ, ಟೀಚರ್?"