ಸೆನ್ಸರ್ ಹೆಸರು, ಇಲಿಯ ಕೆಲಸ

ತೊಗರಿ ರಾಶಿ ಮುಗಿದು ಚೀಲಗಳು ಮನೆ ಸೇರಿದ ಮೇಲೆ ಕಲಬುರಗಿಯ ನನ್ನ ಗ್ಯಾರೇಜಿಗೆ ಒಂದೇ ಥರದ ಗಾಡಿಗಳು ಬರತೊಡಗುತ್ತವೆ. ಮೀಟರಿನಲ್ಲಿ ಹಳದಿ ಎಂಜಿನ್ ಚಿತ್ರ ಹತ್ತಿರುತ್ತದೆ. ಗಾಡಿ ಓಡುವುದೇನೋ ಓಡುತ್ತದೆ, ಲೈಟ್ ಮಾತ್ರ ಆರುವುದಿಲ್ಲ.

ಹಾಗೆ ಬಂದವರಲ್ಲಿ ಆಳಂದ ಕಡೆಯ ಒಬ್ಬ ಮಾಸ್ತರರೂ ಇದ್ದರು. “ಏನ್ ಮಿಸ್ತ್ರಿ, ಸೆನ್ಸರ್ ಹೊಸಾದೇ ಹಾಕ್ಸೀನಿ. ಎರಡು ದಿನ ಸುಮ್ನಿತ್ತು, ಮತ್ತ ಲೈಟ್ ಹತ್ಯಾದ” ಎಂದರು. ಬೇರೆ ಕಡೆ ಸ್ಕ್ಯಾನರ್ ಹಚ್ಚಿದಾಗ ಪಿ0135 ಅಂತ ಕೋಡ್ ಬಂದಿತ್ತಂತೆ. ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೇಳಿ, ಬದಲಿಸಿ, ನಾಲ್ಕು ಸಾವಿರಕ್ಕೂ ಜಾಸ್ತಿ ಬಿಲ್ ಮಾಡಿದ್ದರು.

ಬಾನೆಟ್ ಎತ್ತಿದೆ. ಎಂಜಿನ್ ಮೇಲೆ ತೊಗರಿ ಹೊಟ್ಟು, ಅದರ ಪಕ್ಕದಲ್ಲೇ ಇಲಿ ಹಿಕ್ಕೆ. ಸೆನ್ಸರಿಗೆ ಹೋಗುವ ವೈರನ್ನು ಇಲಿ ಕಡಿದು ಹಾಕಿತ್ತು.

ಪಿ0135 ಅಂದರೆ ‘ಆಕ್ಸಿಜನ್ ಸೆನ್ಸರ್ ಕೆಟ್ಟಿದೆ’ ಅಂತಲ್ಲ. ‘ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ತೊಂದರೆ ಇದೆ’ ಅಂತ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಈ ಸೆನ್ಸರ್ ಚೆನ್ನಾಗಿ ಕಾಯ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಬೇಗ ಕಾಯಲಿ ಅಂತ ಒಳಗೆ ಪುಟ್ಟ ಹೀಟರ್ ಇಟ್ಟಿರುತ್ತಾರೆ. ಸರ್ಕ್ಯೂಟ್ ಎಂದ ಮೇಲೆ ಆ ಹೀಟರ್ ಒಂದೇ ಅಲ್ಲ, ಫ್ಯೂಸ್, ವೈರ್, ಪಿನ್ ಎಲ್ಲವೂ ಬಂತು. ಗಾಡಿಯ ಕಂಪ್ಯೂಟರಿಗೆ ಗೊತ್ತಾಗುವುದು ಕರೆಂಟ್ ಸರಿಯಾಗಿ ಹರಿಯುತ್ತಿಲ್ಲ ಅನ್ನುವುದಷ್ಟೇ. ಎಲ್ಲಿ ತುಂಡಾಗಿದೆ ಅಂತ ಅದು ಹೇಳಲಾರದು. ಸೆನ್ಸರ್ ಪ್ಲಗ್ ಬಿಚ್ಚಿ, ಕೀ ಆನ್ ಮಾಡಿ, ವೈರಿನ ಕಡೆ ಮಲ್ಟಿಮೀಟರ್ ಹಿಡಿದೆ. ಸುಮಾರು 12 ವೋಲ್ಟ್ ಇರಬೇಕಾದಲ್ಲಿ ಸೊನ್ನೆ. ಮಾಸ್ತರರು ಹಳೆಯ ಸೆನ್ಸರನ್ನು ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದರು, ಪುಣ್ಯಕ್ಕೆ. ಅದರ ಹೀಟರ್ ಪಿನ್ನುಗಳಿಗೆ ಮೀಟರ್ ಹಿಡಿದರೆ 6 ಓಮ್ ತೋರಿಸಿತು. ಹೀಟರಿಗೆ ಏನೂ ಆಗಿರಲಿಲ್ಲ.

ಹಾಗಾದರೆ ಎರಡು ದಿನ ಲೈಟ್ ಯಾಕೆ ಆರಿತ್ತು? ಅವರು ಸ್ಕ್ಯಾನರಿನಿಂದ ಕೋಡ್ ಅಳಿಸಿದ್ದರು. ಇಂಥ ತಪ್ಪುಗಳಲ್ಲಿ ಹೆಚ್ಚಿನವು ಬೇರೆ ಬೇರೆ ಎರಡು ಓಡಾಟದಲ್ಲಿ ಕಂಡರೆ ಮಾತ್ರ ಗಾಡಿ ಲೈಟ್ ಹತ್ತಿಸುತ್ತದೆ. ಆ ನಡುವಿನ ಬಿಡುವನ್ನೇ ರಿಪೇರಿ ಆಯಿತು ಅಂದುಕೊಂಡರು.

ಇಷ್ಟನ್ನು ಮನೆಯಲ್ಲೇ ನೋಡಬಹುದು. ಮೊದಲು ಲೈಟ್ ಹೇಗೆ ಹತ್ತಿದೆ ನೋಡಿ. ಒಂದೇ ಸಮ ಹತ್ತಿದ್ದು, ಗಾಡಿ ಎಂದಿನಂತೆ ಎಳೆಯುತ್ತಿದ್ದರೆ ನಿಧಾನವಾಗಿ ಮನೆ ಮುಟ್ಟಬಹುದು. ಮಿಣುಕುತ್ತಿದ್ದರೆ, ಜೊತೆಗೆ ಗಾಡಿ ನಡುಗುತ್ತಿದ್ದರೆ, ಬದಿಗೆ ಹಚ್ಚಿ ಬಂದ್ ಮಾಡಿ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಗೆ ಹೋಗಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಸುಡುತ್ತದೆ. ಸಾವಿರದಲ್ಲಿ ಮುಗಿಯುವ ಕೆಲಸ ಹತ್ತಾರು ಸಾವಿರಕ್ಕೆ ಹೋಗುತ್ತದೆ. ಕೆಂಪು ಆಯಿಲ್ ಲೈಟು, ಟೆಂಪರೇಚರ್ ಲೈಟು ಬೇರೆ ಮಾತು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅವೆರಡಕ್ಕೂ ಒಂದು ಕಿಲೋಮೀಟರ್ ಕೂಡ ಕೊಡಬೇಡಿ.

ಆಮೇಲೆ ಸ್ಕ್ಯಾನರ್. ಗಾಡಿಯ ಕಂಪ್ಯೂಟರಿನಿಂದ ಕೋಡ್ ಓದುವ, ಬ್ಲೂಟೂತಿನ ಸಣ್ಣ ಓಬಿಡಿ ಡಬ್ಬಿ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಐಫೋನ್ ಇದ್ದವರು ಅದಕ್ಕೆ ಹೊಂದುತ್ತದಾ ಎಂದು ಕೇಳಿ ತಗೊಳ್ಳಿ. 2013ರ ನಂತರದ ಕಾರಾದರೆ ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಹಚ್ಚಿ, ಮೊಬೈಲಿನಲ್ಲಿ ಆ್ಯಪ್ ತೆರೆದರೆ ಕೋಡ್ ಬರುತ್ತದೆ. ಕೆಲಸ ಮುಗಿದ ಮೇಲೆ ಡಬ್ಬಿ ತೆಗೆದಿಡಿ. ಗಾಡಿ ಬಂದ್ ಇದ್ದರೂ ಆ ಸಾಕೆಟ್ಟಿನಲ್ಲಿ ಕರೆಂಟ್ ಇರುತ್ತದೆ, ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ.

ಕೋಡ್ ಕಂಡ ತಕ್ಷಣ ಅಳಿಸಬೇಡಿ. ಫೋಟೋ ತೆಗೆಯಿರಿ. ಆ್ಯಪಿನಲ್ಲಿ ‘ಫ್ರೀಜ್ ಫ್ರೇಮ್’ ಇದ್ದರೆ ಅದನ್ನೂ ತೆಗೆಯಿರಿ. ತಪ್ಪು ಕಂಡ ಹೊತ್ತಿನಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಕಾಯ್ದಿತ್ತು, ಲೋಡ್ ಎಷ್ಟಿತ್ತು ಎಲ್ಲ ಅದರಲ್ಲಿರುತ್ತದೆ. ನಮ್ಮಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕುವ ಹಳೆಯ ಚಾಳಿ ಬೇರೆ ಇದೆ. ಜಾಸ್ತಿ ಗಾಡಿಗಳಲ್ಲಿ ಅದು ಈ ಗುರುತುಗಳನ್ನೆಲ್ಲ ಒರೆಸಿಬಿಡುತ್ತದೆ. ಹಾಗೆ ಮಾಡಿ ತಂದ ಗಾಡಿ ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಪಿ0300ರಿಂದ ಪಿ0304ರ ತನಕದ ಕೋಡ್ ಬಂದರೆ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಕೊನೆಯ ಅಂಕಿಯೇ ಸಿಲಿಂಡರಿನ ನಂಬರು. ಪಿ0302 ಅಂದರೆ ಎರಡನೆಯದು. ಬರೇ 0300 ಬಂದರೆ ಒಂದೇ ಸಿಲಿಂಡರ್ ಅಲ್ಲ ಅಂತ. ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಪ್ರತಿ ಸಿಲಿಂಡರಿಗೂ ಬೇರೆ ಇರುವ ಗಾಡಿಯಾದರೆ ನಯಾಪೈಸೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಎಂಜಿನ್ ಬಂದ್ ಮಾಡಿ, ಆರಲು ಬಿಟ್ಟು, ಎರಡನೆಯದರ ಕಾಯಿಲನ್ನು ಮೂರಕ್ಕೂ ಮೂರರದನ್ನು ಎರಡಕ್ಕೂ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ 0303 ಬಂತೇ? ತಪ್ಪು ಕಾಯಿಲಿನದು. 0302ರಲ್ಲೇ ಉಳಿಯಿತೇ? ಸ್ಪಾರ್ಕ್ ಪ್ಲಗ್ಗನ್ನೂ ಹೀಗೇ ಅದಲುಬದಲು ಮಾಡಿ. ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್ ಇಲ್ಲವೇ ಕಂಪ್ರೆಷನ್ ನೋಡಬೇಕು. ಅದು ಗ್ಯಾರೇಜಿನ ಕೆಲಸ.

ಪಿ0171 ಬಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಅಂತ ಅರ್ಥ. ವಾಡಿ, ಶಹಾಬಾದ್ ಕಡೆ ಓಡಾಡುವವರು ಸಿಮೆಂಟು, ಕಲ್ಲಿನ ಧೂಳಿಗೆ ಏರ್ ಫಿಲ್ಟರನ್ನು ಮೇಲಿಂದ ಮೇಲೆ ಊದಿಸುತ್ತಾರೆ. ಒಳ್ಳೆಯದೇ. ಆದರೆ ಫಿಲ್ಟರ್ ಡಬ್ಬದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಕ್ಲಾಂಪನ್ನು ಹುಡುಗರು ಬಿಗಿ ಮಾಡದೇ ಬಿಡುತ್ತಾರೆ. ಒಳಬರುವ ಗಾಳಿಯನ್ನು ಫಿಲ್ಟರ್ ಹತ್ತಿರವೇ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಕೈಯಿಂದ ಜಗ್ಗಿ ನೋಡಿ, ಬಿರುಕಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಆ್ಯಪಿನಲ್ಲಿ ‘ಫ್ಯುಯೆಲ್ ಟ್ರಿಮ್’ ತೆರೆಯಿರಿ. ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ ಅದು. ನಿಂತಲ್ಲಿ +20 ಇದ್ದದ್ದು, ಎಕ್ಸಲರೇಟರ್ ಒತ್ತಿ 2500 ಆರ್‌ಪಿಎಂಗೆ ತಂದಾಗ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ ಎಂಬ ಅನುಮಾನ ಗಟ್ಟಿ. ಲೋಡ್ ಬಿದ್ದಾಗ ಇನ್ನೂ ಏರಿದರೆ ಫ್ಯುಯೆಲ್ ಪಂಪು, ಫಿಲ್ಟರಿನ ಕಡೆ ನೋಡಿ.

ಪಿ0420 ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಅದಕ್ಕೆ ‘ಕನ್ವರ್ಟರೇ ಬದಲಿಸಿ’ ಎಂದರೆ ಅವಸರ ಮಾಡಬೇಡಿ. ಸೈಲೆನ್ಸರ್ ಜೋಡಣೆಯಲ್ಲಿ ಸಣ್ಣ ಸೋರಿಕೆ ಇದ್ದರೂ ಇದೇ ಕೋಡ್ ಬರಬಹುದು.

ಯೂಟ್ಯೂಬ್ ನೋಡಿ ಬಂದವರು ‘ಪೆಟ್ರೋಲ್ ಮುಚ್ಚಳ ಬಿಗಿ ಮಾಡಿದೆ, ಆರಲಿಲ್ಲ’ ಅನ್ನುತ್ತಾರೆ. ಅದು ಅಮೆರಿಕದ ಗಾಡಿಗಳ ಮಾತು. ಅಲ್ಲಿ ಟ್ಯಾಂಕಿನ ಆವಿ ಸೋರುತ್ತಿದೆಯಾ ಎಂದು ಗಾಡಿಯೇ ಪರೀಕ್ಷೆ ಮಾಡಬೇಕು. ನಮ್ಮ ನಿಯಮ ಯುರೋಪಿನ ಮಾದರಿಯದು, ನಮ್ಮಲ್ಲಿನ ಹೆಚ್ಚಿನ ಗಾಡಿಗಳಲ್ಲಿ ಆ ಪರೀಕ್ಷೆಯೇ ಇಲ್ಲ. ಮುಚ್ಚಳ ಬಿಗಿ ಇರಲಿ, ಅದು ಬೇರೆ.

ಬಿಎಸ್6 ಡೀಸೆಲ್ ಇಟ್ಟುಕೊಂಡು ಸೂಪರ್ ಮಾರ್ಕೆಟಿಗೂ ಮನೆಗೂ ಅಷ್ಟೇ ಓಡಿಸುವವರಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಹತ್ತುವುದು ಹೆಚ್ಚು. ಮಸಿ ಸುಡುವಷ್ಟು ಸೈಲೆನ್ಸರ್ ಕಾಯುವುದೇ ಇಲ್ಲ. ಹುಮನಾಬಾದ್ ರಸ್ತೆಗೆ ಹಚ್ಚಿ, ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಎಷ್ಟೋ ಸಲ ತಾನೇ ಆರುತ್ತದೆ.

ಮಾಸ್ತರರ ವೈರನ್ನು ಬೆಸುಗೆ ಹಾಕಿ, ಸ್ಲೀವ್ ಏರಿಸಿದೆ. ಕೋಡ್ ಮಾತ್ರ ಅಳಿಸಲಿಲ್ಲ. ರಿಪೇರಿ ಸರಿಯಾಗಿದ್ದರೆ ಮೂರು ಓಡಾಟ ತಪ್ಪಿಲ್ಲದೆ ಮುಗಿದ ಮೇಲೆ ಗಾಡಿಯೇ ಲೈಟ್ ಆರಿಸಬೇಕು. ಅವರಿಗೂ ಅದನ್ನೇ ಹೇಳಿ ಕಳಿಸಿದೆ. ನಾಲ್ಕನೇ ದಿನ ಫೋನ್ ಬಂತು.

“ಲೈಟ್ ಆರ್ಯಾದ ಮಿಸ್ತ್ರಿ. ಇಲಿ ಮಾತ್ರ ಇನ್ನಾ ಅಲ್ಲೇ ಅವ ನೋಡು.”

“ಹಂಗಾದ್ರ ತೊಗರಿ ಚೀಲ ಸರಸ್ರಿ ಮಾಸ್ತರ್ರ, ಇಲ್ಲಾ ಕಾರ್ ಸರಸ್ರಿ” ಎಂದೆ.