ಯುದ್ಧ ಬೇಕೆನ್ನುವ ಪಂಡಿತರ ಮಾತನ್ನು ಅಳೆಯುವುದು ಹೇಗೆ?

ಇರಾಕ್ ಮೇಲಿನ ದಾಳಿಗೆ ಇನ್ನೂ ಒಂದು ವರ್ಷವಿದ್ದಾಗಲೇ, 2002ರ ಫೆಬ್ರವರಿಯಲ್ಲಿ, ಅಮೆರಿಕದ ಮಾಜಿ ಅಧಿಕಾರಿ ಕೆನ್ ಅಡೆಲ್‌ಮನ್ ಸದ್ದಾಂ ಹುಸೇನರನ್ನು ಪದಚ್ಯುತಗೊಳಿಸುವುದು ಸಲೀಸಾದ ಕೆಲಸವೆಂದು 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಬರೆದರು. ದಾಳಿಗೆ ಕೆಲವೇ ದಿನಗಳಿದ್ದಾಗ, 2003ರ ಮಾರ್ಚ್ 16ರಂದು, ಉಪಾಧ್ಯಕ್ಷ ಡಿಕ್ ಚೇನಿ ಅಮೆರಿಕದ ಸೈನಿಕರನ್ನು ಇರಾಕಿನ ಜನ ವಿಮೋಚಕರೆಂದೇ ಸ್ವಾಗತಿಸುತ್ತಾರೆ ಎಂದು ಟಿ.ವಿ. ಸಂದರ್ಶನದಲ್ಲಿ ಹೇಳಿದರು. ಸದ್ದಾಂ ಸರ್ಕಾರ ಕೆಲವೇ ವಾರಗಳಲ್ಲಿ ಉರುಳಿತು, ನಿಜ. ಆದರೆ ಅಮೆರಿಕದ ಪಡೆಗಳು ಅಲ್ಲಿಂದ ಹೊರಬಂದದ್ದು 2011ರ ಡಿಸೆಂಬರ್‌ನಲ್ಲಿ. ಯುದ್ಧಕ್ಕೆ ಮುಖ್ಯ ಕಾರಣವೆಂದು ಹೇಳಲಾಗಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಸಿಗಲಿಲ್ಲವೆಂದು ಅಮೆರಿಕವೇ ನೇಮಿಸಿದ್ದ ಶೋಧನಾ ತಂಡ 2004ರಲ್ಲಿ ವರದಿ ಕೊಟ್ಟಿತು.

ಇದನ್ನು ಮುಂಚಿತವಾಗಿ ಯಾರೂ ಊಹಿಸಲು ಸಾಧ್ಯವಿರಲಿಲ್ಲ ಎಂಬ ಸಮಾಧಾನ ನಿಲ್ಲುವುದಿಲ್ಲ. ಕೆನೆತ್ ವಾಲ್ಟ್ಜ್, ಜಾನ್ ಮಿಯರ್‌ಶೈಮರ್, ಸ್ಟೀಫನ್ ವಾಲ್ಟ್ ಅವರೂ ಸೇರಿ 33 ಮಂದಿ ಅಂತರರಾಷ್ಟ್ರೀಯ ಸಂಬಂಧಗಳ ವಿದ್ವಾಂಸರು 2002ರ ಸೆಪ್ಟೆಂಬರ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಜಾಹೀರಾತನ್ನೇ ಕೊಟ್ಟು, ಯುದ್ಧವನ್ನು ಸುಲಭವಾಗಿ ಗೆದ್ದರೂ ಒಳಗೊಳಗೇ ಒಡೆದುಹೋಗಿರುವ ಆ ದೇಶದಲ್ಲಿ ಅಮೆರಿಕ ಅನೇಕ ವರ್ಷ ಕಾವಲು ನಿಲ್ಲಬೇಕಾಗುತ್ತದೆ ಎಂದು ಎಚ್ಚರಿಸಿದ್ದರು.

ಆದರೂ ಒಂದು ಯುದ್ಧದ ಫಲಿತಾಂಶದಿಂದ ಯಾರನ್ನೂ ಜಾಣರೆಂದೋ ದಡ್ಡರೆಂದೋ ತೀರ್ಮಾನಿಸುವುದು ನ್ಯಾಯವಲ್ಲ. ಒಮ್ಮೆ ಸರಿಯಾದ ಊಹೆ ಅದೃಷ್ಟದ ಫಲವೂ ಆಗಿರಬಹುದು. ಅಳೆಯಬೇಕಿದ್ದರೆ ಅನೇಕ ಊಹೆಗಳು ಬೇಕು, ಪ್ರತಿಯೊಂದಕ್ಕೂ ಗಡುವು ಬೇಕು, ಸಾಧ್ಯತೆ ಎಷ್ಟೆಂಬ ಸಂಖ್ಯೆ ಬೇಕು. ಮನೋವಿಜ್ಞಾನಿ ಫಿಲಿಪ್ ಟೆಟ್ಲಾಕ್ ಮಾಡಿದ್ದು ಅದನ್ನೇ. 1980ರ ದಶಕದ ಮಧ್ಯದಿಂದ ಸುಮಾರು ಎರಡು ದಶಕಗಳ ಕಾಲ ಅವರು 284 ತಜ್ಞರಿಂದ ರಾಜಕೀಯ ಮತ್ತು ಆರ್ಥಿಕ ವಿದ್ಯಮಾನಗಳ ಬಗ್ಗೆ ಸಾವಿರಾರು ಊಹೆಗಳನ್ನು ಬರೆಸಿಕೊಂಡು, ಕಾಲ ಕಳೆದ ಮೇಲೆ ವಾಸ್ತವದೊಡನೆ ತಾಳೆ ನೋಡಿದರು. ತಜ್ಞರು ಸಾಧ್ಯವೇ ಇಲ್ಲವೆಂದ ಘಟನೆಗಳಲ್ಲಿ ಸುಮಾರು ಶೇ. 15ರಷ್ಟು ನಡೆದೇ ಹೋಗಿದ್ದವು. ನನಗೆ ಇದಕ್ಕಿಂತ ಕಳವಳಕಾರಿಯಾಗಿ ಕಂಡದ್ದು ಇನ್ನೊಂದು ಅಂಶ: ಮಾಧ್ಯಮಗಳಲ್ಲಿ ಹೆಚ್ಚು ಪ್ರಸಿದ್ಧರಾದವರ ಊಹೆಗಳು ಅಷ್ಟು ಪ್ರಸಿದ್ಧರಲ್ಲದವರ ಊಹೆಗಳಿಗಿಂತ ಕಳಪೆಯಾಗಿದ್ದವು. ಒಂದೇ ದೊಡ್ಡ ಸಿದ್ಧಾಂತವನ್ನು ಹಿಡಿದು ಅಳುಕಿಲ್ಲದೆ ಮಾತನಾಡುವವರು ತೆರೆಯ ಮೇಲೆ ಚೆನ್ನಾಗಿ ಕಾಣುತ್ತಾರೆ, ಲೆಕ್ಕದಲ್ಲಿ ಸೋಲುತ್ತಾರೆ.

ಈ ಲೆಕ್ಕದ ಸಾಧನ ಬಂದದ್ದು ಹವಾಮಾನ ಶಾಸ್ತ್ರದಿಂದ. 1950ರಲ್ಲಿ ಗ್ಲೆನ್ ಬ್ರೈಯರ್ ಎಂಬ ಹವಾಮಾನ ತಜ್ಞರು ಸೂಚಿಸಿದ ಅಂಕದ ಸರಳ ರೂಪ ಹೀಗಿದೆ: ಹೇಳಿದ ಸಾಧ್ಯತೆಗೂ ನಡೆದದ್ದಕ್ಕೂ (ನಡೆದರೆ 1, ಇಲ್ಲದಿದ್ದರೆ 0) ಇರುವ ವ್ಯತ್ಯಾಸದ ವರ್ಗವನ್ನು (ಅದನ್ನು ಅದರಿಂದಲೇ ಗುಣಿಸಿದ್ದನ್ನು) ತೆಗೆದುಕೊಂಡು, ಎಲ್ಲ ಊಹೆಗಳ ಸರಾಸರಿ ಕಟ್ಟುವುದು. ಅಂಕ ಕಡಿಮೆಯಾದಷ್ಟೂ ಊಹೆ ಉತ್ತಮ. ಒಬ್ಬರು ನಾಲ್ಕು ಸಲವೂ ಶೇ. 90 ಖಚಿತವೆಂದು ಹೇಳಿ ಮೂರು ಸಲ ಸರಿಯಾದರೆಂದುಕೊಳ್ಳೋಣ. ಮೂರಕ್ಕೆ ತಲಾ 0.01, ತಪ್ಪಿದ್ದಕ್ಕೆ 0.81, ಸರಾಸರಿ 0.21. ಅದೇ ನಾಲ್ಕು ಪ್ರಶ್ನೆಗಳಿಗೆ ಶೇ. 70 ಎಂದಷ್ಟೇ ಹೇಳಿದವರ ಸರಾಸರಿ 0.19. ಇಬ್ಬರೂ ಮೂರು ಸಲ ಗೆದ್ದವರೇ, ಆದರೆ ತನ್ನ ಅರಿವಿನ ಮಿತಿ ಬಲ್ಲವರು ಮುಂದಿದ್ದಾರೆ.

ಹವಾಮಾನ ತಜ್ಞರಿಗೆ ಮರುದಿನವೇ ಮಳೆ ಉತ್ತರ ಕೊಡುತ್ತದೆ. ಯುದ್ಧವನ್ನು ಪ್ರತಿಪಾದಿಸುವವರಿಗೆ ಉತ್ತರ ಬರಲು ವರ್ಷಗಳೇ ಬೇಕು, ಬಂದಾಗಲೂ 'ಯುದ್ಧ ಮಾಡದಿದ್ದರೆ ಇನ್ನೂ ಕೆಡುಕಾಗುತ್ತಿತ್ತು' ಎಂಬ, ಪರೀಕ್ಷಿಸಲಾಗದ ವಾದ ಉಳಿದೇ ಇರುತ್ತದೆ. ಅಸ್ಪಷ್ಟ ಪದಗಳೂ ಅವರ ನೆರವಿಗೆ ಬರುತ್ತವೆ. 1951ರಲ್ಲಿ ಅಮೆರಿಕದ ಗುಪ್ತಚರ ವರದಿಯೊಂದು ಯುಗೊಸ್ಲಾವಿಯದ ಮೇಲೆ ದಾಳಿಯಾಗುವುದನ್ನು 'ಗಂಭೀರ ಸಾಧ್ಯತೆ' ಎಂದು ಕರೆದಿತ್ತು. ಅದನ್ನು ಸಿದ್ಧಪಡಿಸಿದ ಸಹೋದ್ಯೋಗಿಗಳ ಮನಸ್ಸಿನಲ್ಲಿದ್ದ ಸಂಖ್ಯೆ ಯಾವುದೆಂದು ಸಿಐಎಯ ಶೆರ್ಮನ್ ಕೆಂಟ್ ವಿಚಾರಿಸಿದಾಗ, ಶೇ. 20ರಿಂದ ಶೇ. 80ರವರೆಗೆ ಬೇರೆ ಬೇರೆ ಉತ್ತರಗಳು ಬಂದವು. ಒಂದೇ ವಾಕ್ಯಕ್ಕೆ ಒಪ್ಪಿ ಸಹಿ ಹಾಕಿದವರೇ ಅದನ್ನು ಹೀಗೆ ಬೇರೆ ಬೇರೆಯಾಗಿ ಅರ್ಥೈಸಿದ್ದರು.

ಮನುಷ್ಯನ ಮನಸ್ಸೂ ಯುದ್ಧದ ಪರ ವಾದಕ್ಕೆ ಸ್ವಲ್ಪ ಹೆಚ್ಚೇ ಕಿವಿಗೊಡುತ್ತದೆ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ರಾಜಕೀಯ ಶಾಸ್ತ್ರಜ್ಞ ಜೊನಾಥನ್ ರೆನ್ಶನ್ 2007ರಲ್ಲಿ ತೋರಿಸಿಕೊಟ್ಟಂತೆ, ನಮ್ಮ ಶಕ್ತಿಯನ್ನು ಮಿತಿಮೀರಿ ನಂಬುವುದು, ಎದುರಾಳಿಯ ನಡೆಯಲ್ಲೆಲ್ಲ ದುರುದ್ದೇಶ ಕಾಣುವುದು, ಖಚಿತ ನಷ್ಟವನ್ನು ಒಪ್ಪುವ ಬದಲು ದೊಡ್ಡ ಅಪಾಯಕ್ಕೆ ಕೈಹಾಕುವುದು ಮುಂತಾದ ಪೂರ್ವಗ್ರಹಗಳೆಲ್ಲ ವಾಲುವುದು ಯುದ್ಧದ ಕಡೆಗೇ.

ನೆನಪಿನ ತೊಡಕು ಬೇರೆಯೇ ಇದೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೊರಡುವ ಮುನ್ನ, ಆ ಭೇಟಿಗಳಲ್ಲಿ ಏನೇನು ನಡೆಯಬಹುದೆಂದು ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇಟ್ ಎಂಬ ಮನೋವಿಜ್ಞಾನಿಗಳು ಇಸ್ರೇಲಿನ ವಿದ್ಯಾರ್ಥಿಗಳಿಂದ ಅಂದಾಜು ಬರೆಸಿಕೊಂಡಿದ್ದರು. ಭೇಟಿಗಳು ಮುಗಿದ ಮೇಲೆ ತಾವು ಕೊಟ್ಟಿದ್ದ ಸಂಖ್ಯೆಗಳನ್ನು ನೆನಪಿಸಿಕೊಳ್ಳಿ ಎಂದಾಗ, ನಡೆದುಹೋದ ಘಟನೆಗಳಿಗೆ ತಾವು ಮೊದಲೇ ಹೆಚ್ಚಿನ ಸಾಧ್ಯತೆ ಕೊಟ್ಟಿದ್ದೆವೆಂದು ಬಹುತೇಕರು ಪ್ರಾಮಾಣಿಕವಾಗಿಯೇ ಹೇಳಿದರು. ಅದು ತಪ್ಪೆಂದು ತಿಳಿದದ್ದು ಅವರ ಹಳೆಯ ಉತ್ತರಗಳು ಕಾಗದದ ಮೇಲೆ ಉಳಿದಿದ್ದರಿಂದ.